ಡೆಡ್‌ಲಿಫ್ಟ್ 140 ಕೆಜಿ, ಕೊಡಚಾದ್ರಿಯಲ್ಲಿ ಏದುಸಿರು: ಕ್ರಾಸ್ ಟ್ರೈನಿಂಗ್ ಸೇರಲಾ, ಭಾರ ಎತ್ತುವುದನ್ನೇ ಮುಂದುವರಿಸಲಾ?

ವಿನೋಬನಗರದ ಬಾರ್ಬೆಲ್

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ವಯಸ್ಸು 34, ತೂಕ 82 ಕೆಜಿ. ಎರಡು ವರ್ಷದಿಂದ ಒಂದೇ ಜಿಮ್, ಒಂದೇ ಮೂಲೆ. ವಾರಕ್ಕೆ ಮೂರು ದಿನ ಬಾರ್ಬೆಲ್ ಹೊತ್ತು ಕೂತು ಏಳುವ ಸ್ಕ್ವಾಟ್, ಮಲಗಿ ಎದೆ ಮೇಲಿಂದ ಒತ್ತುವ ಬೆಂಚ್, ನೆಲದಿಂದ ಎತ್ತಿ ನಿಲ್ಲುವ ಡೆಡ್‌ಲಿಫ್ಟ್. ಒಂದು ಸೆಟ್ಟಿಗೆ ಐದು ಸಲ ಎತ್ತುವುದು, ಆಮೇಲೆ ನಾಲ್ಕು ನಿಮಿಷ ಕೂತು ಫೋನ್ ನೋಡುವುದು. ಶುರು ಮಾಡಿದಾಗ ಡೆಡ್‌ಲಿಫ್ಟ್ 50 ಕೆಜಿ ಇತ್ತು, ಈಗ 140. ಕನ್ನಡಿ ಮುಂದೆ ನಿಂತರೆ ನನಗೇ ಸ್ವಲ್ಪ ಹೆಮ್ಮೆ.

ಹೋದ ಭಾನುವಾರ ಆ ಹೆಮ್ಮೆ ಹಿಡ್ಲುಮನೆ ಜಲಪಾತದ ಹತ್ತಿರ ಇಳಿದುಹೋಯಿತು. ಆಫೀಸಿನವರು ಆರು ಜನ ಕೊಡಚಾದ್ರಿಗೆ ಹೋಗಿದ್ದೆವು. ಜೀಪು ಬೇಡ, ಜಲಪಾತದ ಕಡೆಯಿಂದ ನಡೆದೇ ಹತ್ತೋಣ ಅಂತ ಹಟ ಹಿಡಿದವನು ನಾನೇ. ಬೆಟ್ಟ 1343 ಮೀಟರ್. ಅರ್ಧ ಗಂಟೆ ಆಗಿಲ್ಲ, ಎದೆ ಡವಡವ ಹೊಡೆಯೋಕೆ ಶುರು. ತೊಡೆಯಲ್ಲಿ ಶಕ್ತಿ ಇದೆ, ಉಸಿರೇ ಇಲ್ಲ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ನಿಂತಲ್ಲೆಲ್ಲ ಉಂಬಳ. ಶೂ ಬಿಚ್ಚಿ ಒಂದೊಂದೇ ಕಿತ್ತು ಬಿಸಾಡುತ್ತಿದ್ದಾಗ ನಮ್ಮ ಕ್ಯಾಷಿಯರ್ ಮೇಡಂ, ಅವರಿಗೆ 46 ವರ್ಷ, ಜಿಮ್ ಬಾಗಿಲೂ ನೋಡಿದವರಲ್ಲ, ನನ್ನ ಬ್ಯಾಗನ್ನೂ ತಗೊಂಡು ಮುಂದೆ ಹೋದರು. "ನೀವು ನಿಧಾನಕ್ಕೆ ಬನ್ನಿ" ಅಂದರು. ಆ "ನಿಧಾನಕ್ಕೆ" ಇನ್ನೂ ಕಿವಿಯಲ್ಲಿದೆ.

ನಮ್ಮ ಏರಿಯಾದಲ್ಲಿ ಹೊಸದಾಗಿ ಒಂದು ಕ್ರಾಸ್ ಟ್ರೈನಿಂಗ್ ಕ್ಲಾಸ್ ಶುರುವಾಗಿದೆ. ಫೀಸು ನನ್ನ ಜಿಮ್ಮಿನ ಮೂರು ಪಟ್ಟು. ಬಾರ್ಬೆಲ್ ಬಿಟ್ಟು ಅಲ್ಲಿಗೆ ಹೋಗಲಾ? ಎರಡೂ ಮಾಡಿದವರು ದಯವಿಟ್ಟು ಹೇಳಿ.

ಬೆಳಗಿನ ಆರರ ಬ್ಯಾಚ್

ಅಣ್ಣ, ಯೋಚನೆ ಮಾಡಬೇಡಿ, ಸೇರಿ. ನಾನು ಎರಡೂವರೆ ವರ್ಷದಿಂದ ಮಾಡುತ್ತಿದ್ದೇನೆ. ಬರುವಾಗ 91 ಕೆಜಿ ಇದ್ದೆ, ಈಗ 76.

ಇದರ ಮೂಲ ಯೋಚನೆ ಸರಳ. ಅಮೆರಿಕದ ಗ್ರೆಗ್ ಗ್ಲಾಸ್‌ಮನ್ 2000ದಲ್ಲಿ ಕ್ರಾಸ್‌ಫಿಟ್ ಅಂತ ಕಂಪನಿ ಮಾಡಿದಾಗ ಹೇಳಿದ್ದು ಇಷ್ಟೇ: ದಿನಾ ಬೇರೆ ಬೇರೆ ವ್ಯಾಯಾಮ, ಮೈಯೆಲ್ಲ ಕೆಲಸ ಮಾಡುವಂಥ ಚಲನೆ, ಜೋರಾದ ತೀವ್ರತೆ. ಓಟ, ಜಿಗಿತ, ಪುಲ್-ಅಪ್, ಬಾರ್ಬೆಲ್, ಎಲ್ಲ ಒಂದೇ ಗಂಟೆಯಲ್ಲಿ.

ಒಂದು ಸ್ಯಾಂಪಲ್ ಕೊಡ್ತೀನಿ, ನಾಳೆ ಮನೆಯಲ್ಲೇ ನೋಡಿ. ಹೆಸರು "ಸಿಂಡಿ". 5 ಪುಲ್-ಅಪ್, 10 ಪುಷ್-ಅಪ್, 15 ಸ್ಕ್ವಾಟ್, ಭಾರ ಏನೂ ಇಲ್ಲ. ಇದು ಒಂದು ಸುತ್ತು. 20 ನಿಮಿಷದಲ್ಲಿ ಎಷ್ಟು ಸುತ್ತು ಆಗುತ್ತೋ ಅಷ್ಟು. ಓದೋಕೆ ಮಕ್ಕಳ ಆಟ. ಆರನೇ ಸುತ್ತಿಗೆ ಅಮ್ಮ ಅಂತೀರಿ. ನಿಮ್ಮ 140 ಕೆಜಿ ಅಲ್ಲಿ ಕೆಲಸಕ್ಕೆ ಬರಲ್ಲ.

ಕಬ್ಬಿಣದ ಕಡಲೆ

ಬಂತು ನೋಡಿ "ಕೆಲಸಕ್ಕೆ ಬರಲ್ಲ". ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ಬೆವರು ಬಂತು, ವಾಂತಿ ಬಂತು, ನೆಲಕ್ಕೆ ಬಿದ್ದೆ ಅಂದರೆ ಸುಸ್ತಾಯಿತು ಅಂತ ಅರ್ಥ, ಶಕ್ತಿ ಬಂತು ಅಂತಲ್ಲ. ಸುಸ್ತು ಮಾಡಿಸೋಕೆ ಕೋಚ್ ಬೇಕಾ? ಗಾಂಧಿ ಬಜಾರಿನಲ್ಲಿ ಹಬ್ಬದ ಹಿಂದಿನ ದಿನ ಎರಡು ಚೀಲ ಹಿಡಿದು ಓಡಾಡಿದರೂ ಸುಸ್ತಾಗುತ್ತದೆ.

ಬಾರ್ಬೆಲ್ ಅಣ್ಣನ 50 ಹೇಗೆ 140 ಆಯಿತು? ಪ್ರತಿ ಸಲ ಎರಡೂವರೆ ಕೆಜಿ, ಐದು ಕೆಜಿ ಸೇರಿಸಿದ್ದಕ್ಕೆ. ಅದೇ ಚಲನೆ, ಅದೇ ಎಣಿಕೆ, ಭಾರ ಮಾತ್ರ ಮೇಲೆ. ಮೊದಲ ಕೆಲವು ವಾರ ಮಾಂಸಖಂಡ ಅಷ್ಟೇನೂ ಬೆಳೆಯಲ್ಲ. ನರಗಳು ಇರುವ ಮಾಂಸವನ್ನೇ ಚೆನ್ನಾಗಿ ದುಡಿಸೋಕೆ ಕಲಿಯುತ್ತವೆ. ಇದಕ್ಕೆ ಅದೇ ಪಾಠ ಮತ್ತೆ ಮತ್ತೆ ಬೇಕು. ಸೋಮವಾರ ಕೆಟಲ್‌ಬೆಲ್, ಮಂಗಳವಾರ ಹಗ್ಗ, ಬುಧವಾರ ಡಬ್ಬದ ಮೇಲೆ ಜಿಗಿತ ಅಂದರೆ ಯಾವ ಪಾಠವೂ ತಲೆಗೆ ಹತ್ತಲ್ಲ.

ಆ ನಾಲ್ಕು ನಿಮಿಷ ಫೋನ್ ನೋಡುವುದೂ ಸೋಮಾರಿತನ ಅಲ್ಲ. ಗರಿಷ್ಠ ಬಲಕ್ಕೆ ಮಾಂಸಖಂಡದ ಒಳಗೆ ಕೂಡಿಟ್ಟ ಇಂಧನ ಹತ್ತು ಸೆಕೆಂಡಿನಷ್ಟು ಮಾತ್ರ ಇರುತ್ತದೆ. ಅದು ಮತ್ತೆ ತುಂಬೋಕೆ ಮೂರರಿಂದ ಐದು ನಿಮಿಷ ಬೇಕು. ಅರ್ಧ ನಿಮಿಷಕ್ಕೆ ಎದ್ದರೆ ಎರಡನೇ ಸೆಟ್ಟಿಗೆ ಭಾರ ಇಳಿಸಲೇಬೇಕು. ಆಗ ನೀವು ಬಲಕ್ಕೆ ತಯಾರಿ ಮಾಡುತ್ತಿಲ್ಲ, ದಮ್ಮಿಗೆ ಮಾಡುತ್ತಿದ್ದೀರಿ.

ಇನ್ನೊಂದು. 1980ರಲ್ಲಿ ರಾಬರ್ಟ್ ಹಿಕ್‌ಸನ್ ಅನ್ನುವವರು ಮೂರು ಗುಂಪು ಮಾಡಿ ನೋಡಿದರು. ಒಂದಕ್ಕೆ ಬರೀ ಭಾರ, ಒಂದಕ್ಕೆ ಬರೀ ಓಟ ಮತ್ತು ಸೈಕಲ್, ಒಂದಕ್ಕೆ ಎರಡೂ. ಹತ್ತು ವಾರ. ಬರೀ ಭಾರದವರ ಬಲ ಕೊನೆಯವರೆಗೂ ಏರಿತು. ಎರಡೂ ಮಾಡಿದವರದ್ದು ಏಳನೇ ವಾರದ ಹೊತ್ತಿಗೆ ನಿಂತಿತು, ಕೊನೆಯಲ್ಲಿ ಇಳಿಯಿತು. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ.

ಬೆಳಗಿನ ಆರರ ಬ್ಯಾಚ್

ಸಾರ್, ಹಿಕ್‌ಸನ್ ಪೂರ್ತಿ ಹೇಳಿ. ಆ ಗುಂಪಿನವರು ವಾರಕ್ಕೆ 5 ದಿನ ಭಾರ ಎತ್ತಿ, ಅದರ ಜೊತೆಗೆ 6 ದಿನ 40 ನಿಮಿಷ ಓಟ-ಸೈಕಲ್ ಮಾಡಿದ್ದರು. ಅಷ್ಟು ಮಾಡಿದರೆ ಎತ್ತೂ ಮಲಗುತ್ತದೆ. ಅದೂ ಏಳು ವಾರ ಅವರಿಗೂ ಬಲ ಏರಿತ್ತಲ್ವಾ? ಬೆಟ್ಟ ಹತ್ತಬೇಕು ಅನ್ನುವ ಮನುಷ್ಯನಿಗೆ ಒಲಿಂಪಿಕ್ಸ್ ಲೆಕ್ಕ ಯಾಕೆ?

ತೋಟದ ಮನೆ, ತೀರ್ಥಹಳ್ಳಿ

ಎಂಥದು ಮಾರಾಯ್ರೆ ನಿಮ್ಮ ಜಗಳ. ನಮ್ಮಲ್ಲಿ ಈಗ ಅಡಿಕೆ ಕೊನೆ ಕೊಯ್ಲು ನಡೀತಾ ಇದೆ. ಅದನ್ನ ನೋಡುತ್ತಾ ಇದನ್ನ ಓದಿದೆ.

ನಮ್ಮ ಕೊನೆಗಾರನಿಗೆ 52 ವರ್ಷ. ಕಾರ್ಬನ್ ಫೈಬರ್ ದೋಟಿ (ಕೊಯ್ಯುವ ಉದ್ದ ಕೋಲು) ಬಂದಮೇಲೆ ತುಂಬಾ ಕಡೆ ನೆಲದಲ್ಲಿ ನಿಂತೇ ಕೊಯ್ತಾರೆ. ಇವನು ಮಾತ್ರ ಇನ್ನೂ ಹತ್ತುತ್ತಾನೆ. ಪಾದಕ್ಕೆ ತಳೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಮರ ತಬ್ಬಿ, ಮೊಣಕಾಲು ಎದೆವರೆಗೆ ಮಡಚಿ ಒಂದು ಎಳೆತ. ಎಳೆದಾಗ ತಳೆ ಕಿರ್ ಅನ್ನುತ್ತದೆ, ಮರದ ಪಾಚಿ ಪುಡಿಪುಡಿಯಾಗಿ ಕೆಳಗೆ ನಿಂತವರ ಕಣ್ಣಿಗೆ ಬೀಳುತ್ತದೆ. ಮೇಲೆ ಹೋದವನು ಮರವನ್ನೇ ತೂಗಿಸಿ ಪಕ್ಕದ ಮರ ಹಿಡೀತಾನೆ. ಕೆಳಗೆ ಇಳಿಯೋದು ಬೀಡಿ ಸೇದೋಕೆ ಮಾತ್ರ. ಇದು ಯಾವ ಪಟ್ಟಿಯಲ್ಲಿ ಬರುತ್ತದೆ? ಬಲವಾ, ದಮ್ಮಾ?

ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ಜಿಮ್ಮಿಗೆ ಹೋಗುವವನು. ಒಳ್ಳೆ ಮೈಕಟ್ಟು. ಯೂರಿಯಾ ಚೀಲ 45 ಕೆಜಿ, ಎರಡು ಕೈಯಲ್ಲಿ ಎತ್ತಿ ಎದೆಗೆ ತಂದ, ನಾನೂ ಭೇಷ್ ಅಂದೆ. ಹೆಗಲ ಮೇಲೆ ಇಟ್ಟುಕೊಂಡು ಸಂಕ ದಾಟಬೇಕಲ್ಲ. ಎರಡು ಅಡಿಕೆ ಮರದ ಸಂಕ, ಮಳೆಗೆ ಜಾರುತ್ತಾ ಇತ್ತು. ಮಧ್ಯಕ್ಕೆ ಬಂದವನ ಕಾಲು ಗಡಗಡ. ಕೊನೆಗೆ ಚೀಲ ಕಾಲುವೆಗೆ, ಇವನು ಗದ್ದೆಗೆ. ಆ ವರ್ಷ ಕಾಲುವೆ ಬದಿಯ ಹುಲ್ಲು ಮಾತ್ರ ಭಾರೀ ಚೆನ್ನಾಗಿ ಬಂತು.

ಬೆಳಗಿನ ಆರರ ಬ್ಯಾಚ್

ನೋಡಿದ್ರಾ! ಅದನ್ನೇ ನಾನು ಹೇಳ್ತಿರೋದು. ನಿಜವಾದ ಕೆಲಸಕ್ಕೆ ಬರುವ ಶಕ್ತಿ.

ತೋಟದ ಮನೆ, ತೀರ್ಥಹಳ್ಳಿ

ತಡೀರಿ, ನನ್ನ ಮಾತು ಮುಗಿದಿಲ್ಲ. ಅದೇ ಕೊನೆಗಾರನಿಗೆ ಬಲಗೈ ಭುಜದಿಂದ ಮೇಲೆ ಏಳಲ್ಲ ಈಗ. ಅಂಗಿ ಹಾಕೋಕೆ ಹೆಂಡತಿ ಬೇಕು. ಮೂವತ್ತು ವರ್ಷ ಒಂದೇ ಎಳೆತ ಎಳೆದದ್ದಕ್ಕೆ. ಜಿಮ್ಮಿನವರು ಹಳ್ಳಿ ಕೆಲಸವನ್ನ ಹೊಗಳುವಾಗ ಇದನ್ನೂ ನೆನೆಸಿಕೊಳ್ಳಿ. ಕೆಲಸ ಬೇರೆ, ಸಾಮು ಬೇರೆ. ಕೆಲಸ ಮೈಯನ್ನ ತಿನ್ನುತ್ತದೆ.

ಗರಡಿ ಮೊಮ್ಮಗ

ಸಾಮು ಅಂದ್ರಲ್ಲ, ಅದಕ್ಕೆ ಬಂದೆ. ನಮ್ಮ ಅಜ್ಜ ಶಿವಮೊಗ್ಗದ ಒಂದು ಗರಡಿಯಲ್ಲಿ ಪೈಲ್ವಾನರಾಗಿದ್ದರು. ಈ "ಹೊಸ" ಚರ್ಚೆ ಕೇಳಿದ್ದರೆ ನಗುತ್ತಿದ್ದರು. ಬೆಳಗ್ಗೆ ನೂರಾರು ದಂಡ, ನೂರಾರು ಬಸ್ಕಿ. ಅದು ದಮ್ಮು. ಆಮೇಲೆ ಗದೆ ತಿರುಗಿಸುವುದು, ಕಲ್ಲು ಎತ್ತುವುದು. ಅದು ಬಲ. ಆಮೇಲೆ ಮಟ್ಟಿಯಲ್ಲಿ ಜೋಡಿ ಕುಸ್ತಿ. ಅದು ಎರಡೂ. ಉಸ್ತಾದರು ಒಬ್ಬೊಬ್ಬ ಹುಡುಗನ ಮೈ ನೋಡಿ ಯಾವುದು ಜಾಸ್ತಿ ಯಾವುದು ಕಮ್ಮಿ ಅಂತ ಹೇಳುತ್ತಿದ್ದರು. ಗೋಡೆ ಮೇಲೆ ಎಲ್ಲರಿಗೂ ಒಂದೇ ಪಟ್ಟಿ ಬರೆದು ಗಡಿಯಾರ ಒತ್ತುತ್ತಿರಲಿಲ್ಲ.

ಕಬ್ಬಿಣದ ಕಡಲೆ

ಚೆನ್ನಾಗಿ ಹೇಳಿದಿರಿ. ನನ್ನ ತಕರಾರೂ ಆ ಗಡಿಯಾರದ ಮೇಲೆಯೇ. ಸಿಂಡಿ ಮಾಡಿ, ಓಡಿ, ಜಿಗಿಯಿರಿ, ಬೇಡ ಅನ್ನಲ್ಲ. ಆದರೆ ಸ್ನ್ಯಾಚನ್ನ ಗಡಿಯಾರ ಇಟ್ಟು ಮೂವತ್ತು ಸಲ ಮಾಡಿಸೋದಿದೆಯಲ್ಲ, ಅದು ಸರಿ ಅಲ್ಲ. ಬಾರ್ ನೆಲದಿಂದ ತಲೆ ಮೇಲಕ್ಕೆ ಒಂದೇ ಏಟಿಗೆ ಹೋಗಬೇಕು. ಒಂದು ಇಂಚು ಮುಂದೆ ಹೋದರೂ ಭುಜ, ಸೊಂಟ ತೆರಬೇಕು. ಸುಸ್ತಾದ ಮೈಗೆ ಆ ಇಂಚು ಗೊತ್ತಾಗಲ್ಲ.

ಘಟ್ಟದ ಕೆಳಗೆ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರನ್ನ ನೋಡಿ. ಮೊದಲು ಕುಸ್ತಿ, ಆಮೇಲೆ ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎರಡೂ ಸೇರಿ 249 ಕೆಜಿ ಎತ್ತಿ ಬೆಳ್ಳಿ ತಂದರು. 2022ರಲ್ಲಿ 61 ಕೆಜಿ ವಿಭಾಗದಲ್ಲಿ 269 ಕೆಜಿ, ಕಂಚು. ನಾಲ್ಕು ವರ್ಷದಲ್ಲಿ 20 ಕೆಜಿ ಹೆಚ್ಚು, ಅದೂ ತೂಕದ ವಿಭಾಗ ಬದಲಾಯಿಸಿ! ವಿಶೇಷ ತರಬೇತಿ ಅಂದರೆ ಅಷ್ಟು ನಿಧಾನದ ಕೆಲಸ.

ಹೆಸರು ಬೇಡ ಬಿಡಿ

ಗಡಿಯಾರದ ವಿಷಯಕ್ಕೆ ನನ್ನದೊಂದು ಕಥೆ. ಊರು, ಕ್ಲಾಸು ಯಾವುದೂ ಹೇಳಲ್ಲ.

ಒಂದು ತಿಂಗಳು ರಜೆ ಹಾಕಿ ವಾಪಸ್ ಹೋದ ಮೊದಲ ದಿನವೇ ಪುಲ್-ಅಪ್ ಸ್ಪರ್ಧೆ ಥರದ್ದು ಇತ್ತು. ಎಲ್ಲರೂ ಹೆಸರು ಹಿಡಿದು ಕೂಗ್ತಾ ಇದ್ದರು. ನಾನೂ ಬಿಡಲಿಲ್ಲ, ನೂರರ ಹತ್ತಿರ ಮಾಡಿದೆ. ಮಾರನೇ ದಿನ ಮೊಣಕೈ ನೆಟ್ಟಗೆ ಆಗಲಿಲ್ಲ. ಹಲ್ಲುಜ್ಜೋಕೆ ಮುಖವನ್ನೇ ಬ್ರಷ್ ಹತ್ತಿರ ತರಬೇಕು. ಅದಕ್ಕೂ ನಗುತ್ತಿದ್ದೆ. ಮೂರನೇ ದಿನ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂತು. ಫಿಲ್ಟರ್‌ನಿಂದ ಆಗಷ್ಟೇ ಇಳಿದ ಕಾಫಿ ಡಿಕಾಕ್ಷನ್, ಅದೇ ಬಣ್ಣ. ಆಗ ನಗು ನಿಂತಿತು. ಆಸ್ಪತ್ರೆಯಲ್ಲಿ ಐದು ದಿನ ಡ್ರಿಪ್. ಮಾಂಸಖಂಡ ಒಡೆದು ಅದರ ಒಳಗಿನದೆಲ್ಲ ರಕ್ತಕ್ಕೆ ಸೇರಿತ್ತು, ಕಿಡ್ನಿಗೆ ಪೆಟ್ಟು ಬೀಳುವ ಸಾಧ್ಯತೆ ಇತ್ತು ಅಂದರು. ರಾಬ್ಡೋಮಯೊಲಿಸಿಸ್ ಅಂತ ಹೆಸರು.

ತಪ್ಪು ಅರ್ಧ ನನ್ನದು. ಇನ್ನರ್ಧ, ತಿಂಗಳು ಬಿಟ್ಟು ಬಂದವನನ್ನ ತಡೆಯದೆ ಚಪ್ಪಾಳೆ ತಟ್ಟಿದ ಕೋಚ್‌ದು.

ಬೆಳಗಿನ ಆರರ ಬ್ಯಾಚ್

ಓದಿ ಬೇಜಾರಾಯಿತು. ಇದಕ್ಕೆ ವಾದ ಮಾಡಲ್ಲ. ನಮ್ಮ ಕೋಚ್ ಹೊಸಬರಿಗೆ ಮೊದಲ ತಿಂಗಳು ಸಮಯ ನೋಡೋಕೇ ಬಿಡಲ್ಲ. ಎಲ್ಲ ಕಡೆ ಹಾಗಿರಲ್ಲ ಅಂತ ಒಪ್ಪುತ್ತೇನೆ.

ಆದರೆ ಒಂದು ಮಾತು. ಹತ್ತು ವರ್ಷದಲ್ಲಿ ನಾಲ್ಕು ಜಿಮ್ಮಿಗೆ ದುಡ್ಡು ಕಟ್ಟಿ ನಾಲ್ಕೂ ಬಿಟ್ಟವನು ನಾನು. ಇಲ್ಲಿ ಒಂದು ದಿನ ತಪ್ಪಿಸಿದರೆ ಆರೂವರೆಗೆ ಮೂರು ಫೋನ್ ಬರುತ್ತದೆ, "ಎಲ್ಲಿದ್ದೀಯಾ?" ಅಂತ. ಜುಲೈಯಲ್ಲಿ, ಆ ಮಳೆಯಲ್ಲಿ, ಕಂಬಳಿಯಿಂದ ನನ್ನನ್ನ ಎಬ್ಬಿಸಿದ್ದು ವಿಜ್ಞಾನ ಅಲ್ಲ ಸಾರ್, ಆ ಫೋನು.

ಕಬ್ಬಿಣದ ಕಡಲೆ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಜಿಮ್ಮಿನಲ್ಲಿ ನಾನು ಆರು ತಿಂಗಳು ಬರದಿದ್ದರೂ ಯಾರೂ ಕೇಳಲ್ಲ. ಕೊನೆಗೆ ಫೀಸು ಕೇಳೋಕೆ ಫೋನ್ ಮಾಡ್ತಾರೆ.

ಸೊರಬದ ಹುಡುಗ

ಅಣ್ಣಂದಿರಾ, ನಾನು ಅಗ್ನಿವೀರ್ ರ‍್ಯಾಲಿಗೆ ತಯಾರಿ ಮಾಡುತ್ತಿದ್ದೇನೆ. 1.6 ಕಿ.ಮೀ. ಐದೂವರೆ ನಿಮಿಷದ ಒಳಗೆ ಓಡಿದರೆ 60 ಅಂಕ, 10 ಪುಲ್-ಅಪ್‌ಗೆ 40 ಅಂಕ. ನನ್ನ ಓಟ ಈಗ 6 ನಿಮಿಷ 5 ಸೆಕೆಂಡ್, ಪುಲ್-ಅಪ್ 6. ಜಿಮ್ಮಿಗೆ ಹೋಗಲು ದುಡ್ಡಿಲ್ಲ. ಶಾಲೆ ಮೈದಾನ ಇದೆ, ಒಂದು ಮಾವಿನ ಕೊಂಬೆ ಇದೆ. ನನಗೆ ಯಾವುದು?

ಸಾಗರದ ಫಿಸಿಯೋ

ತಮ್ಮಾ, ನಿನಗೆ ಈ ಇಡೀ ಚರ್ಚೆಯೇ ಬೇಡ. ನಿನ್ನ ಪರೀಕ್ಷೆಯಲ್ಲಿ ಏನು ಕೇಳುತ್ತಾರೋ ಅದನ್ನೇ ಮಾಡು. ವಾರಕ್ಕೆ ಎರಡು ದಿನ 400 ಮೀಟರ್‌ನಂತೆ ಐದಾರು ಸಲ ಓಡು. ಒಂದೊಂದನ್ನೂ 80 ಸೆಕೆಂಡಿಗೆ ಮುಗಿಸುವ ಗುರಿ ಇಟ್ಟುಕೋ, ಮಧ್ಯೆ ಎರಡು ನಿಮಿಷ ನಡಿ. ಹಾಗೆ ನಾಲ್ಕನ್ನ ಒಟ್ಟಿಗೆ ಓಡಿದರೆ 5 ನಿಮಿಷ 20 ಸೆಕೆಂಡ್. ಉಳಿದ ಎರಡು ದಿನ ನಿಧಾನಕ್ಕೆ ಅರ್ಧ ಗಂಟೆ, ಮಾತಾಡುತ್ತಾ ಓಡುವ ವೇಗ. ಪುಲ್-ಅಪ್ 6 ಆಗುತ್ತೆ ಅಂದರೆ ಒಂದೇ ಸಲಕ್ಕೆ 6 ಮಾಡಿ ಕೈ ಬಿಡಬೇಡ. ಮೂರು ಮೂರರಂತೆ ಐದಾರು ಸಲ ಮಾಡು, ದಿನ ಬಿಟ್ಟು ದಿನ. ಕೊಂಬೆ ಗಟ್ಟಿ ಇದೆಯಾ ಅಂತ ಮೊದಲು ನೋಡಿಕೋ. ಮೊಟ್ಟೆ, ಹುರುಳಿ, ಶೇಂಗಾ ಚೆನ್ನಾಗಿ ತಿನ್ನು.

ಈಗ ಬಾರ್ಬೆಲ್ ಅವರಿಗೆ. ನಿಮ್ಮ ತೊಂದರೆ ಬಾರ್ಬೆಲ್ ಅಲ್ಲ. ನಿಮ್ಮ ವಾರದಲ್ಲಿ ಹೃದಯಕ್ಕೆ ಕೆಲಸ ಕೊಡುವ ಒಂದು ನಿಮಿಷವೂ ಇಲ್ಲ, ಅಷ್ಟೇ. ಐದು ಸಲ ಎತ್ತೋಕೆ ಇಪ್ಪತ್ತು ಸೆಕೆಂಡ್, ಆಮೇಲೆ ನಾಲ್ಕು ನಿಮಿಷ ವಿಶ್ರಾಂತಿ. ಹೃದಯ ಏಳುವ ಮೊದಲೇ ಮಲಗುತ್ತದೆ. ಎರಡು ದಿನ ಭಾರ ಇಟ್ಟುಕೊಳ್ಳಿ. ಗಳಿಸಿದ ಬಲ ಉಳಿಸಿಕೊಳ್ಳೋಕೆ ಮೂರು ದಿನ ಬೇಕಿಲ್ಲ. ಒಂದು ದಿನ ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ಜೋರು ಅಂದರೆ ಎರಡು ಮಾತಿಗಿಂತ ಜಾಸ್ತಿ ಆಡೋಕೆ ಆಗಬಾರದು. ಇನ್ನೊಂದು ದಿನ ಒಂದೂವರೆ ಗಂಟೆ ಉದ್ದದ ನಡಿಗೆ, ಏರಿನ ಜಾಗ ಸಿಕ್ಕರೆ ಒಳ್ಳೆಯದು. ಕಾಲಿನ ಬಲದ ಚಿಂತೆ ಇದ್ದರೆ ಓಟಕ್ಕಿಂತ ಸೈಕಲ್ ವಾಸಿ, ಭಾರದ ತಯಾರಿಗೆ ಅಡ್ಡಿ ಕಡಿಮೆ. ಎರಡನ್ನೂ ಒಂದೇ ದಿನ ಮಾಡಲೇಬೇಕಾದರೆ ಬೆಳಗ್ಗೆ ಭಾರ, ಸಂಜೆ ಸೈಕಲ್.

ಅಂದ ಹಾಗೆ, "ತಬಾಟ" ಅಂತ ಅರ್ಧ ಗಂಟೆ ಬರ್ಪಿ (ನೆಲಕ್ಕೆ ಬಿದ್ದು ಎದ್ದು ಜಿಗಿಯುವುದು) ಮಾಡಿಸುವವರನ್ನ ನಂಬಬೇಡಿ. 1996ರಲ್ಲಿ ಇಜುಮಿ ತಬಾಟ ಬರೆದದ್ದು ಸೈಕಲ್ ಮೇಲೆ 20 ಸೆಕೆಂಡ್ ಪ್ರಾಣ ಹೋಗುವ ಹಾಗೆ, 10 ಸೆಕೆಂಡ್ ಬಿಡುವು, ಏಳೆಂಟು ಸಲ. ಒಟ್ಟು ನಾಲ್ಕೇ ನಿಮಿಷ. ಅರ್ಧ ಗಂಟೆ ಮಾಡೋಕೆ ಆಗುತ್ತೆ ಅಂದರೆ ಅದು ತಬಾಟ ಅಲ್ಲವೇ ಅಲ್ಲ.

ಹೊಸನಗರದ ಟೀಚರ್

ಹುಡುಗರೇ ಮಾತಾಡ್ತಾ ಇದ್ದೀರಿ, ನಾನೂ ಒಂದು ಮಾತು ಸೇರಿಸಲಾ? ನನಗೆ 51. ಮುಟ್ಟು ನಿಂತಮೇಲೆ ಮೂಳೆ ಸಾಂದ್ರತೆ ಕಡಿಮೆ ಬಂತು. ಎಲ್ಲರೂ "ಇನ್ನು ಭಾರ ಎತ್ತಬೇಡಿ, ವಾಕಿಂಗ್ ಮಾಡಿ" ಅಂದರು. ನನ್ನ ಡಾಕ್ಟರು ಮಾತ್ರ ಉಲ್ಟಾ ಹೇಳಿದರು. ಆಸ್ಟ್ರೇಲಿಯಾದಲ್ಲಿ ನನ್ನಂಥ ಹೆಂಗಸರಿಗೇ 8 ತಿಂಗಳು, ವಾರಕ್ಕೆ 2 ದಿನ, ಅರ್ಧ ಗಂಟೆಯಂತೆ ಡೆಡ್‌ಲಿಫ್ಟ್, ಸ್ಕ್ವಾಟ್, ತಲೆ ಮೇಲೆ ಭಾರ ಒತ್ತುವುದು ಮಾಡಿಸಿದ್ದರಂತೆ. ಪಕ್ಕದಲ್ಲಿ ನಿಂತು ನೋಡಿಕೊಳ್ಳುವವರು ಇದ್ದರು, ಭಾರವೂ ಸಣ್ಣದಲ್ಲ. ಬೆನ್ನಿನ ಮೂಳೆ ಗಟ್ಟಿಯಾಯಿತು.

ಇಲ್ಲಿ ಆ ಥರದ ಜಿಮ್ ಎಲ್ಲಿ? ಸಾಗರಕ್ಕೆ ಹೋಗಿ ಎರಡು ತಿಂಗಳು ಸರಿಯಾಗಿ ಕಲಿತೆ. ಆಮೇಲೆ ಬಾರು, ತಟ್ಟೆಗಳನ್ನ ತರಿಸಿ ಅಡಿಕೆ ಅಟ್ಟದ ಕೆಳಗೆ ಇಟ್ಟುಕೊಂಡೆ. 20 ಕೆಜಿಯಿಂದ ಈಗ 55 ಆಗಿದೆ. ನೆಂಟರು ಬಂದರೆ ನಮ್ಮ ಮನೆಯವರು ಅದರ ಮೇಲೆ ಗೋಣಿಚೀಲ ಹೊದಿಸುತ್ತಾರೆ. ನನಗೆ ಬರ್ಪಿ ಬೇಡ, ಜಿಗಿತ ಬೇಡ. ಇಷ್ಟೇ ಎರಡು ದಿನ, ಉಳಿದದ್ದಕ್ಕೆ ಶಾಲೆಗೆ ನಡೆದು ಹೋಗುವುದಿದೆ. ಹೋಗ್ತಾ ಬರ್ತಾ ನಾಲ್ಕು ಕಿಲೋಮೀಟರ್.

ಗರಡಿ ಮೊಮ್ಮಗ

ಅಕ್ಕ, ಗೋಣಿಚೀಲ ತೆಗೆಸಿ. ನೆಂಟರಿಗೇ ಎತ್ತೋಕೆ ಕೊಡಿ.

ಬೆಳಗಿನ ಆರರ ಬ್ಯಾಚ್

ಅಕ್ಕನ 55 ಕೆಜಿ ನೋಡಿದಮೇಲೆ ನಾನೂ ಒಂದು ಸತ್ಯ ಹೇಳಿಬಿಡ್ತೀನಿ. ನನ್ನ ಡೆಡ್‌ಲಿಫ್ಟ್ ಒಂದೂವರೆ ವರ್ಷದಿಂದ 90ರಲ್ಲೇ ನಿಂತಿದೆ. ಕಡಲೆ ಸಾರ್, ವಾರಕ್ಕೆ ಒಂದು ದಿನ ನಿಮ್ಮ ಥರ ಕೂತು ಫೋನ್ ನೋಡಿಕೊಂಡು ಎತ್ತಿದರೆ ಏರುತ್ತದಾ?

ಕಬ್ಬಿಣದ ಕಡಲೆ

ಒಂದಲ್ಲ, ಎರಡು ದಿನ ಕೊಡಿ. ಕ್ಲಾಸಿಗೆ ಮೊದಲು ಅರ್ಧ ಗಂಟೆ, ಮೈ ತಾಜಾ ಇರುವಾಗ. ಕ್ಲಾಸ್ ಮುಗಿಸಿ ಬೇಡ. ಬದಲಿಗೆ ನಿಮ್ಮವರನ್ನ ನನಗೂ ಬೆಳಗ್ಗೆ ಫೋನ್ ಮಾಡೋಕೆ ಹೇಳಿ.

ವಿನೋಬನಗರದ ಬಾರ್ಬೆಲ್

ಹತ್ತು ವಾರ ಬಿಟ್ಟು ಬರೀತಿದ್ದೇನೆ. ಕ್ಲಾಸಿಗೆ ಸೇರಲಿಲ್ಲ. ಫೀಸು ನೋಡಿ ಧೈರ್ಯ ಸಾಲಲಿಲ್ಲ ಅಂತಲೇ ಇಟ್ಟುಕೊಳ್ಳಿ. ಫಿಸಿಯೋ ಅವರು ಹೇಳಿದ ಹಾಗೆ ಎರಡು ದಿನ ಭಾರ, ಒಂದು ದಿನ ಆ ನಾಲ್ಕು ನಿಮಿಷದ್ದು, ಭಾನುವಾರ ನಡಿಗೆ. ನಾಲ್ಕು ನಿಮಿಷದ್ದನ್ನ ಸವಳಂಗ ರಸ್ತೆಯಲ್ಲಿ ಹಳೆ ಸೈಕಲ್ ಮೇಲೆ ಮಾಡುತ್ತೇನೆ. ಮೊದಲ ದಿನ ಮೂರನೇ ಸುತ್ತಿಗೆ ಇಳಿದು ಸೈಕಲ್ ತಳ್ಳಿಕೊಂಡು ಬಂದೆ. ಎಳನೀರಿನವನು "ಪಂಕ್ಚರ್ ಆಯ್ತಾ ಸಾರ್?" ಅಂತ ಕೇಳಿದ. ಹೌದು ಅಂದೆ.

ಡೆಡ್‌ಲಿಫ್ಟ್ ಈಗ 135. ಐದು ಕೆಜಿ ಹೋಯಿತು, ಸುಳ್ಳು ಹೇಳಲ್ಲ, ಸ್ವಲ್ಪ ಹೊಟ್ಟೆ ಉರೀತು. ಮೊನ್ನೆ ಮತ್ತೆ ಹಿಡ್ಲುಮನೆ ದಾರಿಯಲ್ಲೇ ಕೊಡಚಾದ್ರಿ ಹತ್ತಿದೆವು. ನಾಲ್ಕು ಕಡೆ ಮಾತ್ರ ನಿಂತೆ, ಅದರಲ್ಲಿ ಎರಡು ಸಲ ಫೋಟೋಗೆ. ಕ್ಯಾಷಿಯರ್ ಮೇಡಂ ಈ ಸಲವೂ ಮುಂದೆಯೇ. ಆದರೆ ನನ್ನ ಬ್ಯಾಗು ನನ್ನ ಬೆನ್ನ ಮೇಲೇ ಇತ್ತು.

ತೋಟದ ಮನೆ, ತೀರ್ಥಹಳ್ಳಿ

ಭೇಷ್. ಕೊಯ್ಲು ಇನ್ನೂ ಮುಗಿದಿಲ್ಲ, ಚೀಲ ಹೊರೋಕೆ ಜನ ಸಿಗ್ತಾ ಇಲ್ಲ. ಭಾನುವಾರ ನಡಿಗೆ ಅಂದ್ರಲ್ಲ, ನಮ್ಮ ತೋಟದಲ್ಲೇ ನಡೀರಿ. ಮಧ್ಯಾಹ್ನಕ್ಕೆ ಕಡುಬು ಮಾಡಿಸ್ತೀನಿ.

ವಿನೋಬನಗರದ ಬಾರ್ಬೆಲ್

ಬರ್ತೀನಿ ಸಾರ್. ಸಂಕ ಎಷ್ಟು ಉದ್ದ ಇದೆ?